ಗಾಳಕ್ಕಿಂತ ಮೊದಲು ಬುತ್ತಿ

ದಿನವಿಡೀ ಗಾಳ ಹಾಕಲು ಹೊರಟವನ ಬುತ್ತಿ ನೋಡಲು ಹೊಲಕ್ಕೆ ಹೊರಟವನ ಬುತ್ತಿಯ ಹಾಗೆಯೇ ಇರುತ್ತದೆ. ಅದೇ ರೊಟ್ಟಿ, ಅದೇ ಪಲ್ಯ, ಅದೇ ಬಿಳಿ ಅರಿವೆಯ ಗಂಟು. ಆದರೆ ಹೊಲಕ್ಕೆ ಹೋದವನು ದುಡಿದ ಮೇಲೆ ಬುತ್ತಿ ಬಿಚ್ಚುತ್ತಾನೆ. ಗಾಳ ಹಾಕುವವನಿಗೆ ಬುತ್ತಿ ಬಿಚ್ಚುವುದೇ ಆ ದಿನದ ದೊಡ್ಡ ದುಡಿಮೆ. ಇದು ಮನೆಯವರಿಗೆಲ್ಲ ಗೊತ್ತು. ಮೀನು ತರುತ್ತೇನೆಂದು ಹೇಳಿ ಹೋದವನನ್ನು ನಂಬಿ ರಾತ್ರಿಯ ಅಡಿಗೆ ನಿಲ್ಲಿಸಿದ ಮನೆ ಕೃಷ್ಣೆಯ ಯಾವ ದಂಡೆಯಲ್ಲೂ ಸಿಗಲಾರದು.

ಇಲ್ಲಿನ ಮಾತು ಕೃಷ್ಣೆಯ ದಂಡೆಯ ಹಿಪ್ಪರಗಿಯದು; ಹಳೆಯ ಲೆಕ್ಕದಲ್ಲಿ ಜಮಖಂಡಿ ತಾಲೂಕು, ಹೊಸ ಲೆಕ್ಕದಲ್ಲಿ ರಬಕವಿ-ಬನಹಟ್ಟಿ. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಬೇರೆ. ಅಲ್ಲಿ ದೇವರಿದ್ದಾನೆ, ಕೃಷ್ಣೆ ಇಲ್ಲ. ಗಾಳದ ಕೋಲು ಹಿಡಿದು ಬಸ್ಸಿನ ಬೋರ್ಡಿನಲ್ಲಿ ‘ಹಿಪ್ಪರಗಿ’ ಎಂಬ ನಾಲ್ಕು ಅಕ್ಷರ ಮಾತ್ರ ಓದಿ ಹತ್ತಿದವನಿಗೆ ಕೊನೆಯಲ್ಲಿ ಬುತ್ತಿಯೊಂದೇ ಗತಿ. ಕೃಷ್ಣೆಯ ಹಿಪ್ಪರಗಿಯಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಇದೆ; ಆಚೆಯ ದಂಡೆ ಅಥಣಿ ಸೀಮೆ. ಕೆಳಗೆ ಹೋದರೆ ಚಿಕ್ಕಪಡಸಲಗಿಯ ಬ್ಯಾರೇಜು. ಸರಕಾರದ ದಾರಿ ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ಹಣ, ತಮ್ಮದೇ ರಟ್ಟೆ ಹಾಕಿ 1989ರಲ್ಲಿ ಕಟ್ಟಿ ಮುಗಿಸಿ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟದ್ದು ಅದಕ್ಕೇ. ಇನ್ನೂ ಕೆಳಗೆ, ಬೀಳಗಿಯ ಕಡೆ, ಆಲಮಟ್ಟಿಯ ಹಿನ್ನೀರು ಕಣ್ಣು ಹರಿಯುವವರೆಗೂ ಹರಡಿಕೊಂಡಿದೆ. ಮುಧೋಳದ ಮಗ್ಗುಲಲ್ಲಿ ಹರಿದು ಬಂದ ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಕೂಡುತ್ತದೆ. ಮೊದಲು ಬೇಸಿಗೆ ಬಂದರೆ ಮಳಲು ಕಾಣುತ್ತಿದ್ದ ಹೊಳೆ ಈಗ ಗೇಟುಗಳ ಹಿಂದೆ ನಿಂತಿರುತ್ತದೆ. ಇದರಿಂದ ಕಬ್ಬಿಗೆ ನೀರಾಯಿತು ಎಂದು ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲೂ ಬುತ್ತಿ ಕಟ್ಟಿಸಿಕೊಂಡು ಮನೆ ಬಿಡಲು ನೆಪವಾಯಿತು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೊಳೆಯನ್ನೇ ನಂಬಿ ಬದುಕುವ ಅಂಬಿಗರಿಗೆ ಈ ಬುತ್ತಿಯ ಗೊಡವೆ ಕಡಿಮೆ. ಅವರು ಹೊತ್ತು ಮುಳುಗುವಾಗ ಬಲೆ ಬಿಟ್ಟು ಬರುತ್ತಾರೆ, ನಸುಕಿನಲ್ಲಿ ಎತ್ತುತ್ತಾರೆ. ಊರು ಎದ್ದು ಚಹಾ ಕುಡಿಯುವ ಹೊತ್ತಿಗೆ ಮೀನು ತೂಕಕ್ಕೆ ಬಂದಿರುತ್ತದೆ, ಅವರು ಮನೆಯಲ್ಲಿ ಕುಳಿತು ಬಿಸಿ ರೊಟ್ಟಿ ಮುರಿಯುತ್ತಿರುತ್ತಾರೆ. ಇಡೀ ಹಗಲು ದಂಡೆಯಲ್ಲಿ ಕೂರುವವನು ಹವ್ಯಾಸಿ: ಬನಹಟ್ಟಿಯ ಮಗ್ಗಕ್ಕೆ ರಜೆ ಇದ್ದವನು, ಸಾಲೆಯ ಮಾಸ್ತರ, ನಿವೃತ್ತನಾದ ಗುಮಾಸ್ತ, ಅಥವಾ ಇಂಥ ಪ್ರಬಂಧ ಬರೆಯುವವನು. ದೀರ್ಘ ಬುತ್ತಿ ಎಂಬುದು ಮೀನು ಹಿಡಿಯಲು ಬಾರದವರು ಕಂಡುಹಿಡಿದ ಶಾಸ್ತ್ರ. ಬಲೆಯವನ ಜಾಣತನ ಬಲೆಯಲ್ಲಿರುತ್ತದೆ. ಹವ್ಯಾಸಿಯ ಜಾಣತನವೆಲ್ಲ ಡಬ್ಬಿಯಲ್ಲಿ.

ಬುತ್ತಿಯ ಅಳತೆಯನ್ನು ಮೀನು ಗೊತ್ತುಮಾಡುತ್ತದೆ. ಮೀನು ಮೇಯುವುದು ಹೆಚ್ಚಾಗಿ ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ನಡು ಹಗಲಲ್ಲಿ, ಅದೂ ಈ ಸೀಮೆಯ ಏಪ್ರಿಲ್ ಬಿಸಿಲಲ್ಲಿ, ಅದು ಆಳದ ತಂಪಿಗೆ ಇಳಿದುಬಿಡುತ್ತದೆ. ಬುದ್ಧಿ ಇದ್ದವನು ಒಂಬತ್ತಕ್ಕೆ ಎದ್ದು ಮನೆಗೆ ಹೋಗಿ ಐದಕ್ಕೆ ಮರಳಬೇಕು. ಆದರೆ ಮನೆಗೆ ಹೋದವನನ್ನು ಮತ್ತೆ ಬಿಡುತ್ತಾರೆಂಬ ಖಾತ್ರಿ ಇಲ್ಲ. ಗಿರಣಿಗೆ ಜೋಳ ಒಯ್ಯುವುದಿರುತ್ತದೆ, ಕರೆಂಟಿನ ಬಿಲ್ಲು ಇರುತ್ತದೆ. ಆದ್ದರಿಂದ ನಸುಕಿಗೂ ಸಂಜೆಗೂ ನಡುವಿನ ಎಂಟು ತಾಸುಗಳ ದೊಡ್ಡ ತಗ್ಗನ್ನು ತುಂಬಲು ತಿನಿಸು ಬೇಕಾಗುತ್ತದೆ. ಮೀನುಗಾರಿಕೆಯ ಬುತ್ತಿ ಹುಟ್ಟಿದ್ದು ಹಸಿವಿನಿಂದಲ್ಲ, ಈ ತಗ್ಗಿನಿಂದ.

ಮೊದಲ ಸಾಮಾನು ರೊಟ್ಟಿ. ಬಿಳಿಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ತಣ್ಣೀರು ಹಾಕಿ ಕಲಸಿದರೆ ಬಿರಿಯುತ್ತದೆ. ಕುದಿಯುವ ಎಸರು ಹೊಯ್ದು ನಾದಿದಾಗ ಹಿಟ್ಟು ಅರೆಬೆಂದು ಅಂಟು ಬರುತ್ತದೆ, ಆಗ ಬಡಿದರೆ ಹುಣ್ಣಿಮೆಯ ಚಂದ್ರನಷ್ಟು ಅಗಲವಾಗುತ್ತದೆ. ಬುತ್ತಿಗೆ ಯಾವ ರೊಟ್ಟಿ ಎಂಬಲ್ಲಿ ಎರಡು ಪಂಥಗಳಿವೆ. ಖಡಕ್ ರೊಟ್ಟಿಯಲ್ಲಿ ನೀರಿನಂಶವೆಲ್ಲ ಹಂಚಿನ ಮೇಲೆ ಆರಿಹೋಗಿರುವುದರಿಂದ ಅದು ವಾರಗಟ್ಟಲೆ ಕೆಡದು. ಆದರೆ ಮಡಚಲು ಬಾರದು, ಸೈಕಲ್ಲಿನ ಹಿಂದೆ ಕಟ್ಟಿ ಹಿಪ್ಪರಗಿ ಮುಟ್ಟುವ ಹೊತ್ತಿಗೆ ನುಚ್ಚಾಗಿರುತ್ತದೆ. ಮೆತ್ತನೆಯ ರೊಟ್ಟಿ ನಾಲ್ಕು ಮಡಿಕೆಯಾಗಿ ಡಬ್ಬಿಯಲ್ಲಿ ಕೂರುತ್ತದೆ, ಬೇಕಾದರೆ ತಾಟೂ ಆಗುತ್ತದೆ. ಅದರ ಆಯುಷ್ಯ ಮಾತ್ರ ಒಂದೇ ಹಗಲು. ಹೊಳೆಗೆ ಮೆತ್ತನೆಯದೇ ಸರಿ. ಅದನ್ನು ಹಂಚಿನಿಂದ ಇಳಿಸಿದ ಕೂಡಲೇ ಡಬ್ಬಿಗೆ ತುಂಬಿದರೆ ಹಬೆ ಒಳಗೇ ನೀರಾಗಿ ರೊಟ್ಟಿ ಬೆವರುತ್ತದೆ, ಮಧ್ಯಾಹ್ನಕ್ಕೆ ಹಸಿ ಹಿಟ್ಟಿನ ವಾಸನೆ. ಆರಿದ ಮೇಲೆ ಅರಿವೆಯಲ್ಲಿ ಸುತ್ತಿ ಇಡಬೇಕು. ಹಳಬರು ಧೋತರದ ಚುಂಗಿನಲ್ಲಿ ಕಟ್ಟುತ್ತಿದ್ದದ್ದು ಬಡತನದಿಂದ ಎಂದು ತಿಳಿದವರಿಗೆ ಸ್ಟೀಲಿನ ಡಬ್ಬಿ ಪಾಠ ಕಲಿಸಿದೆ. ಅರಿವೆ ಉಸಿರಾಡುತ್ತದೆ, ಸ್ಟೀಲು ಉಸಿರು ಕಟ್ಟಿಸುತ್ತದೆ.

ಎಷ್ಟು ರೊಟ್ಟಿ ಎಂಬುದು ಹೋಗುವವನ ಕೈಯಲ್ಲಿಲ್ಲ. ನಾಲ್ಕು ಸಾಕು ಎಂದರೆ ಏಳು ಬರುತ್ತವೆ. “ಇರಲಿ ತಮ್ಮಾ, ಹೊಳಿ ದಂಡ್ಯಾಗ ಯಾರರ ಇರ್ತಾರ” ಎಂದು ಅವ್ವ ಹೇಳಿದರೆ ಅದಕ್ಕೆ ಮೇಲ್ಮನವಿ ಇಲ್ಲ. ಆ ‘ಯಾರಾದರೂ’ ಯಾರು ಎಂಬುದು ಮುಂದೆ ಬರುತ್ತದೆ.

ರೊಟ್ಟಿಯ ಜೊತೆಗೆ ಹೋಗುವ ಪಲ್ಯಕ್ಕೆ ಒಂದೇ ನಿಯಮ: ಅದು ಹರಿಯಬಾರದು. ಬ್ಯಾಳಿ, ಸಾರು, ಕಟ್ಟು ಇವು ಮನೆಯ ಸುಖಗಳು. ಬುತ್ತಿಗೆ ಗಟ್ಟಿ ಝುಣಕ ಬೇಕು, ಅದನ್ನೇ ತಾಟಿಗೆ ತಟ್ಟಿ ಕೊಯ್ದ ಝುಣಕದ ವಡಿಯಾದರೆ ಇನ್ನೂ ಲೇಸು. ಎಣ್ಣೆಗಾಯಿ ಬದನೆ ಎಣ್ಣೆಯಲ್ಲೇ ಮುಳುಗಿರುವುದರಿಂದ ಸಂಜೆಯವರೆಗೂ ಹದಗೆಡದು. ಪುಂಡಿಪಲ್ಯವನ್ನು ಅದರ ಹುಳಿಯೇ ಕಾಯುತ್ತದೆ. ಮಡಿಕೆಕಾಳಿನ ಉಸುಳಿಗೆ ಮಾತ್ರ ಬೇಸಿಗೆಯಲ್ಲಿ ನಂಬಿಕೆ ಕೊಡಬಾರದು. ಹತ್ತು ಗಂಟೆಗೆ ಚೆನ್ನಾಗಿದ್ದದ್ದು ಒಂದಕ್ಕೆ ನೂಲು ಬಿಡುತ್ತದೆ. ಉಳ್ಳಾಗಡ್ಡಿಯನ್ನು ಇಡಿಯಾಗಿ ಒಯ್ಯಬೇಕು, ಅಲ್ಲೇ ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯಬೇಕು. ಚಾಕು ಇದ್ದರೂ ಗುದ್ದಬೇಕು. ಕಾರಣ ಕೇಳಿದರೆ ಗುದ್ದಿದ ಉಳ್ಳಾಗಡ್ಡಿಯ ಖಾರ ಇಳಿಯುತ್ತದೆ ಎನ್ನುತ್ತಾರೆ. ಮೀನು ಸಿಗದ ಸಿಟ್ಟೂ ಇಳಿಯುತ್ತದೆ ಎಂಬುದನ್ನು ಸೇರಿಸಬಹುದು.

ಇನ್ನು ಹಿಂಡಿ. ಈ ಸೀಮೆಯಲ್ಲಿ ಶೇಂಗಾ, ಅಗಸಿ, ಗುರೆಳ್ಳುಗಳನ್ನು ಹುರಿದು ಖಾರ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ಪುಡಿಗೆ ಹಿಂಡಿ ಎನ್ನುತ್ತಾರೆ; ಕೆಂಪು ಮೆಣಸಿನಕಾಯಿ ಅರೆದದ್ದು ಕೆಂಪು ಹಿಂಡಿ, ಅದು ಅಂಬಿಗರ ಚೌಡಯ್ಯನ ವಚನದಷ್ಟೇ ಖಾರ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಸಿಗೂ ಹಿಂಡಿ ಎಂದೇ ಹೆಸರು. ಅದು ಎಮ್ಮೆಗೆ, ಅದೇ ಮೀನಿಗೆ. ಗಾಳ ಹಾಕುವವನು ಗಾಣದ ಶೇಂಗಾ ಹಿಂಡಿಯನ್ನು ಪುಡಿ ಮಾಡಿ, ಜೋಳದ ಹಿಟ್ಟು ಬೆರೆಸಿ, ಮೂಗಿಗೆ ಹೊಡೆಯುವಷ್ಟು ಇಂಗು ಸೇರಿಸಿ ಉಂಡೆ ಕಟ್ಟುತ್ತಾನೆ. ಹೀಗಾಗಿ ಒಂದೇ ಚೀಲದಲ್ಲಿ ಎರಡು ಶೇಂಗಾ ಹಿಂಡಿಗಳು, ಎರಡೂ ಹಳೆಯ ಹಾಲಿನಪುಡಿಯ ಡಬ್ಬಿಗಳಲ್ಲಿ, ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ. ಮುಂದೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಮನುಷ್ಯ ಗಾಣದ ಹಿಂಡಿಯನ್ನು ರೊಟ್ಟಿಗೆ ಹಚ್ಚಿ, ಇವತ್ತು ಉಪ್ಪು ಕಡಿಮೆಯಾಗಿದೆ ಎಂದುಕೊಂಡು ತಿಂದ ಪ್ರಸಂಗ ಒಂದಲ್ಲ. ಮೀನಿಗೆ ಬೆಳ್ಳುಳ್ಳಿ ಖಾರದ ಹಿಂಡಿ ಹೋದದ್ದೂ ಉಂಟು. ಇದನ್ನು ಬರೆದವನು ಎರಡನ್ನೂ ಮಾಡಿದ್ದಾನೆ. ಅವತ್ತು ಆ ಹೊತ್ತಿನವರೆಗೆ ಮುಟ್ಟದಿದ್ದ ಮೀನು ಖಾರದ ಉಂಡೆಗೆ ಒಮ್ಮೆ ಎಳೆಯಿತು. ಅಡಿಗೆಯ ಮೆಚ್ಚುಗೆಯೋ ತಕರಾರೋ ತಿಳಿಯುವ ಮೊದಲೇ ದಾರ ಸಡಿಲಾಯಿತು.

ಮನುಷ್ಯನ ಊಟ ಮತ್ತು ಮೀನಿನ ಊಟ ಹೀಗೆ ಒಂದೇ ಚೀಲದಲ್ಲಿ ಕೂಡುವುದಕ್ಕೆ ರಾಜಮನೆತನದ ಆಧಾರವೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ಅದರ ‘ಅನ್ನಭೋಗ’ದಲ್ಲಿ ಅರಸ ಏನು ಉಣ್ಣಬೇಕು, ಉದ್ದಿನ ಇಡ್ಡರಿಕೆ ಹೇಗೆ ಮಾಡಬೇಕು ಎಂಬುದೆಲ್ಲ ಇದೆ. ಮುಂದಿನ ಭಾಗದಲ್ಲಿ ‘ಮತ್ಸ್ಯವಿನೋದ’ ಬರುತ್ತದೆ. ಗಾಳದ ಕೋಲು ಹೇಗಿರಬೇಕು, ದಾರ ಯಾವುದರದ್ದಿರಬೇಕು, ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ತಿನಿಸು ಇಷ್ಟ. ಮೀನಿಗೆ ಉಂಡೆ ಕಟ್ಟುವುದನ್ನು ಅರಸನೊಬ್ಬ ಅಡಿಗೆಯಷ್ಟೇ ಶ್ರದ್ಧೆಯಿಂದ ಬರೆದಿಟ್ಟ ಗ್ರಂಥ ಕನ್ನಡ ನೆಲದಲ್ಲೇ ಹುಟ್ಟಿತು ಎಂಬುದು ಗಾಳ ಹಾಕುವವರಿಗೆ ಹೆಮ್ಮೆಯ ಸಂಗತಿ. ಆದರೆ ಅರಸನು ಮೀನು ಹಿಡಿಯಲು ಹೊರಟಾಗ ಅವನ ಬುತ್ತಿಯನ್ನು ಯಾರು ಕಟ್ಟಬೇಕು, ಏನು ಕಟ್ಟಬೇಕು ಎಂಬ ಅಧ್ಯಾಯವನ್ನು ಸೋಮೇಶ್ವರ ಬರೆಯಲಿಲ್ಲ. ಅವನಿಗೆ ಬುತ್ತಿ ಹೊರುವವರು ಬೇರೆ ಇದ್ದರು.

ಮೀನಿನ ನಾಲಿಗೆಗೂ ಸೀಮೆ ಉಂಟು. ಕಾವೇರಿಯಲ್ಲಿ ಮಶೀರ್ ಹಿಡಿಯುತ್ತಿದ್ದವರು ಗಾಳಕ್ಕೆ ರಾಗಿ ಹಿಟ್ಟನ್ನು ಬೇಯಿಸಿ ಉಂಡೆ ಮಾಡಿ ಚುಚ್ಚುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಶೀರ್ ಎತ್ತಿದ್ದು ಗಾಳದ ಪ್ರಪಂಚದಲ್ಲಿ ಇಂದಿಗೂ ಹೇಳುವ ಕತೆ. ಕೃಷ್ಣೆಯಲ್ಲಿ ರಾಗಿಯ ಮಾತಿಲ್ಲ. ಇಲ್ಲಿನ ರೋಹು, ಕಾಟ್ಲಾ, ಮೃಗಾಲಗಳು ಜೋಳದ ಹಿಟ್ಟಿಗೆ ಬರುತ್ತವೆ. ಇವು ಮೂಲದಲ್ಲಿ ಗಂಗೆಯ ಬಯಲಿನವು, ಕಳೆದ ಶತಮಾನದಲ್ಲಿ ಮರಿ ಬಿಟ್ಟು ದಕ್ಷಿಣದ ನೀರಿಗೆ ತಂದವು. ಬಂದವರು ಬಂದ ನಾಡಿನ ಊಟಕ್ಕೆ ಹೊಂದಿಕೊಂಡರು. ದಕ್ಷಿಣದಿಂದ ಬನಹಟ್ಟಿಗೆ ವರ್ಗವಾಗಿ ಬಂದ ನೌಕರನಿಗೆ ರೊಟ್ಟಿ ರೂಢಿಯಾಗಲು ಎರಡು ವರ್ಷ ಬೇಕಾಗುತ್ತದೆ. ಮೀನಿನ ಬುದ್ಧಿ ಚುರುಕು.

ರೊಟ್ಟಿಯಾದ ಮೇಲೆ ಅನ್ನದ ಸರದಿ, ಅಂದರೆ ಮೊಸರು ಬುತ್ತಿ. ಈ ಸೀಮೆಯಲ್ಲಿ ಬುತ್ತಿ ಎಂದರೆ ಕಟ್ಟಿದ ಊಟವೂ ಹೌದು, ಕಲಸಿದ ಅನ್ನವೂ ಹೌದು. ಬುತ್ತಿಯೊಳಗೆ ಬುತ್ತಿ ಇಡುವುದರಲ್ಲಿ ಯಾರಿಗೂ ತೊಡಕಾಗುವುದಿಲ್ಲ. ಇದರ ಗುಟ್ಟು ಮೊಸರಿನಲ್ಲಿಲ್ಲ, ಹಾಲಿನಲ್ಲಿದೆ. ನಸುಕಿನಲ್ಲಿ ಮೆತ್ತಗೆ ಬೆಂದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲನ್ನೇ ಹೊಯ್ದು, ಒಂದು ಚಮಚ ಮೊಸರು ಮಾತ್ರ ಕಲಸಬೇಕು. ದಾರಿಯಲ್ಲಿ, ಬಿಸಿಲಿನ ಕಾವಿನಲ್ಲಿ ಅದು ತಾನೇ ಹೆಪ್ಪುಗಟ್ಟುತ್ತದೆ. ಒಂದು ಗಂಟೆಗೆ ಬಿಚ್ಚಿದರೆ ಆಗಷ್ಟೇ ಮೊಸರಾಗಿರುತ್ತದೆ. ಮನೆಯಲ್ಲೇ ಪೂರಾ ಮೊಸರು ಹಾಕಿ ಕಲಸಿದವರಿಗೆ ಮಧ್ಯಾಹ್ನಕ್ಕೆ ಸಿಗುವುದು ಹುಳಿ ಬುತ್ತಿ. ಉದ್ದಿನಬೇಳೆ, ಸಾಸಿವೆ, ಕರಿಬೇವಿನ ಒಗ್ಗರಣೆ, ಮೇಲೆ ಕರಿದ ಬಾಳಕದ ಮೆಣಸಿನಕಾಯಿ. ಮೆಣಸಿನಕಾಯಿಯನ್ನು ಬೇರೆ ಕಾಗದದಲ್ಲಿ ಕಟ್ಟಬೇಕೆಂಬುದನ್ನು ಮರೆತರೆ ಅದು ಮೆತ್ತಗಾಗಿ ಚರ್ಮದ ಹಾಗೆ ಜಗಿಯಬೇಕಾಗುತ್ತದೆ. ಇಡೀ ದಿನದಲ್ಲಿ ಹೆಪ್ಪು ಹತ್ತಿದ್ದು ಇದೊಂದೇ, ಮಿಕ್ಕಿದ್ದೆಲ್ಲ ನೀರೇ ಎಂಬಂಥ ದಿನಗಳು ಗಾಳದ ಬಾಳಿನಲ್ಲಿ ಹೆಚ್ಚು.

ತಿನಿಸುಗಳ ವಿಷಯಕ್ಕೆ ಬಂದರೆ ರುಚಿಗಿಂತ ಕೈಯೇ ಮುಖ್ಯ. ಎರೆಹುಳು ಚುಚ್ಚಿದ ಕೈ, ಇಂಗು-ಹಿಂಡಿ ನಾದಿದ ಕೈ, ಭಾಗ್ಯವಿದ್ದರೆ ಮೀನು ಹಿಡಿದ ಕೈ. ಹೊಳೆಯಲ್ಲಿ ತೊಳೆದರೆ ಕೊಳೆ ಹೋಗುತ್ತದೆ, ವಾಸನೆ ಹೋಗುವುದಿಲ್ಲ. ಆದ್ದರಿಂದ ಕೈ ತಾಗದೆ ತಿನ್ನಬಹುದಾದದ್ದೇ ಉತ್ತಮ ತಿನಿಸು. ಈ ಪರೀಕ್ಷೆಯಲ್ಲಿ ಮೊದಲ ನಂಬರು ಸುಲಿಯದ ಶೇಂಗಾಕ್ಕೆ. ಅದರ ಸಿಪ್ಪೆಯೇ ಕೈಚೀಲ. ಸಿಪ್ಪೆ ಹಿಡಿದು ಒಡೆದು ಕಾಳನ್ನು ನೇರ ಬಾಯಿಗೆ ಹಾರಿಸಬಹುದು. ಚುರಮುರಿ ಕಾಗದದ ಸುರುಳಿಯಲ್ಲಿದ್ದರೆ ಮುಖ ಮೇಲಕ್ಕೆತ್ತಿ ಸುರಿದುಕೊಳ್ಳಬಹುದು. ಆದರೆ ಸುರಿದುಕೊಳ್ಳಲು ಆಕಾಶ ನೋಡಬೇಕಾಗುತ್ತದೆ, ಬೆಂಡು ಮುಳುಗುವುದು ಸರಿಯಾಗಿ ಆ ಹೊತ್ತಿಗೇ. ಅವಲಕ್ಕಿ ಚೂಡಾಕ್ಕೂ ಇದೇ ಆಕ್ಷೇಪ. ಚಕ್ಕಲಿಯನ್ನು ಬೆರಳಿಗೆ ಉಂಗುರದಂತೆ ಹಾಕಿಕೊಂಡು ಸುತ್ತಲಿಂದ ಕಡಿಯುತ್ತ ಬರುವ ಪದ್ಧತಿ ಮಕ್ಕಳದ್ದು. ದೊಡ್ಡವರು ಯಾರೂ ನೋಡದಿದ್ದಾಗ ಅನುಸರಿಸುತ್ತಾರೆ. ಜನವರಿಯ ಆಸುಪಾಸಿನಲ್ಲಿ ದಾರಿಯ ಹೊಲದವರು ಎಳೆಜೋಳದ ಸೀತನಿ ಸುಟ್ಟುಕೊಡುತ್ತಾರೆ. ಅದನ್ನು ಬುತ್ತಿ ಎನ್ನಲಾಗದು, ಏಕೆಂದರೆ ಅದು ಹೊಳೆ ಮುಟ್ಟಿದ ದಾಖಲೆ ಇಲ್ಲ.

ಸಿಹಿಯಲ್ಲಿ ಶೇಂಗಾ ಉಂಡೆ ಎಲ್ಲ ಮನೆಯದು, ಅದಕ್ಕೆ ಬೇಕಾದ ಬೆಲ್ಲ ಮಹಾಲಿಂಗಪುರದ ಪೇಟೆಯದು. ಕೈ ಸ್ವಲ್ಪ ಬಿಚ್ಚಿದವರು ಕರದಂಟು ತರುತ್ತಾರೆ. ಜಾಲಿಯಂಥ ಮರದ ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟಿದ ಈ ತಿನಿಸು ಹೊಳೆಗೆ ಹೇಳಿ ಮಾಡಿಸಿದ್ದು: ಕೆಡದು, ಬೆಣಚುಕಲ್ಲಿನ ಹಾಗೆ ಗಟ್ಟಿ, ಒಂದು ತುಂಡು ಅರ್ಧ ತಾಸು ದವಡೆಗೆ ಕೆಲಸ ಕೊಡುತ್ತದೆ. ಗೋಕಾಕದ್ದು ಹೆಚ್ಚೋ ಅಮೀನಗಡದ್ದು ಹೆಚ್ಚೋ ಎಂಬ ಚರ್ಚೆ ಎದ್ದರೆ ಇನ್ನೊಂದು ತಾಸು ಸರಿಯುತ್ತದೆ. ಗೋಕಾಕದ ಪಕ್ಷದವರು ತಮ್ಮೂರಿನ ನೀರೇ ಘಟಪ್ರಭೆಯಾಗಿ ಮುಧೋಳ ದಾಟಿ ಬಂದು ಈ ಕೃಷ್ಣೆಗೆ ಸೇರುತ್ತದೆ ಎಂಬುದನ್ನು ಸಾಕ್ಷಿಯಾಗಿ ಎತ್ತುತ್ತಾರೆ. ಅಮೀನಗಡದ ಪಕ್ಷದವರು ಅಮೀನಗಡ ನಮ್ಮದೇ ಬಾಗಲಕೋಟೆ ಜಿಲ್ಲೆ ಎನ್ನುತ್ತಾರೆ. ಎರಡೂ ವಾದಕ್ಕೂ ಅಂಟಿಗೂ ಸಂಬಂಧವಿಲ್ಲ.

ಚಕ್ಕಲಿ ಕಡಿಯುವ ಸದ್ದಿಗೆ ಮೀನು ಓಡುತ್ತದೆಂದು ಪಕ್ಕದಲ್ಲಿ ಕುಳಿತವರು ಗದರುವುದುಂಟು. ಇದು ನ್ಯಾಯವಲ್ಲ. ಗಾಳಿಯಲ್ಲಿ ಹುಟ್ಟಿದ ಸದ್ದು ನೀರಿನ ಮೇಲ್ಮೈಗೆ ತಾಗಿ ಬಹುಪಾಲು ಹಿಂದಕ್ಕೆ ಮರಳುತ್ತದೆ, ಒಳಗೆ ಇಳಿಯುವುದು ತೀರ ಕಡಿಮೆ. ಮೀನನ್ನು ಹೆದರಿಸುವುದು ನೆಲದ ನಡುಕ. ದಂಡೆಯ ಬಂಡೆಯ ಮೇಲೆ ಡಬ್ಬಿಯನ್ನು ಧಡಕ್ಕನೆ ಇಟ್ಟರೆ, ಮುಚ್ಚಳ ತೆಗೆಯಲು ಕಲ್ಲಿಗೆ ಕುಟ್ಟಿದರೆ, ಆ ಕಂಪನ ನೀರಿಗೆ ಇಳಿದು ಮೀನಿನ ಎರಡೂ ಪಕ್ಕೆಯ ಸೂಕ್ಷ್ಮ ಗೆರೆಗೆ ತಾಗುತ್ತದೆ. ಆದ್ದರಿಂದ ತಿನ್ನುವುದು ನಿರಪಾಯ, ಬಿಚ್ಚುವುದು ಅಪಾಯ. ಡಬ್ಬಿಯ ಕೆಳಗೆ ಟವೆಲು ಹಾಸಬೇಕು. ಉಳ್ಳಾಗಡ್ಡಿ ಗುದ್ದುವ ಪದ್ಧತಿಯನ್ನು ಇದರ ಜೊತೆ ಹೊಂದಿಸುವುದು ಹೇಗೆ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಬಾಳೆಹಣ್ಣಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಕೈ ತಾಗದ ತಿನಿಸು ಎಂಬ ಲೆಕ್ಕದಲ್ಲಿ ಅದಕ್ಕಿಂತ ಮೇಲಿನದಿಲ್ಲ. ಸಿಪ್ಪೆಯೂ ಇದೆ, ಹಿಡಿಕೆಯೂ ಇದೆ. ಆದರೆ ಇಂಗ್ಲಿಷ್ ಮಾತಾಡುವ ದೇಶಗಳ ಗಾಳದವರಲ್ಲಿ ದೋಣಿಗೆ ಬಾಳೆಹಣ್ಣು ತರುವುದು ಮಹಾ ಅಪಶಕುನ. ತಂದವನ ಕೈಯಿಂದ ಕಿತ್ತು ನೀರಿಗೆ ಎಸೆಯುವವರೂ ಇದ್ದಾರೆ. ಹಿಂದೆ ಬಾಳೆ ಹೇರಿದ ಹಡಗುಗಳು ಹಣ್ಣು ಕೆಡುವ ಮೊದಲೇ ಮುಟ್ಟಬೇಕೆಂದು ಓಡುತ್ತಿದ್ದವು, ಆ ವೇಗಕ್ಕೆ ಮೀನು ಹಿಡಿಯಲಾಗುತ್ತಿರಲಿಲ್ಲ ಎಂಬುದು ಹೇಳುವ ಕಾರಣಗಳಲ್ಲೊಂದು. ಕೃಷ್ಣೆಯ ದಂಡೆಯಲ್ಲಿ ಮಾತ್ರ ಎಲ್ಲರೂ ಬೆಳಗಿನಿಂದ ಬಾಳೆಯನ್ನೇ ಜಪಿಸುತ್ತಾರೆ. ಇಲ್ಲಿ ಬಾಳೆ ಎಂದರೆ ಮೀನು: ಚಪ್ಪಟೆ ಮೈ, ಸೀಳಿದ ಬಾಯಿ, ಉದ್ದ ಮೀಸೆ, ಮೈಮೇಲೆ ಹುರುಪೆ ಇಲ್ಲ, ಆಳೆತ್ತರಕ್ಕೂ ಬೆಳೆಯಬಲ್ಲದು. ಅದು ಹಿಂಡಿಗೂ ಬಗ್ಗುವುದಿಲ್ಲ, ಜೋಳದ ಉಂಡೆಗೂ ಬಗ್ಗುವುದಿಲ್ಲ. ಅದಕ್ಕೆ ಸಣ್ಣ ಮೀನೇ ಬೇಕು. ಅಂದರೆ ಬಾಳೆ ಹಿಡಿಯಲು ಮೊದಲು ಮೀನು ಹಿಡಿಯಬೇಕು. ಹವ್ಯಾಸಿಗಳಲ್ಲಿ ಹೆಚ್ಚಿನವರು ಬಾಳೆಹಣ್ಣು ತಿಂದು ತೃಪ್ತರಾಗಲು ಇದೇ ಕಾರಣ.

ನೀರಿನ ಪಕ್ಕ ಹೋಗುವಾಗ ನೀರು ಒಯ್ಯುವುದೇಕೆ ಎಂದು ಮೊದಲ ಸಲ ಹೋದವನು ಕೇಳುತ್ತಾನೆ, ಎರಡನೆಯ ಸಲ ಕೇಳುವುದಿಲ್ಲ. ಮಳೆಗಾಲದಲ್ಲಿ ಹೊಳೆ ಕೆಸರು, ಬೇಸಿಗೆಯಲ್ಲಿ ನಿಂತ ಹಸಿರು. ಮೇಲಿನ ಊರುಗಳದ್ದೆಲ್ಲ ಅದರಲ್ಲೇ. ಒಬ್ಬನಿಗೆ ಕನಿಷ್ಠ ಮೂರು ಲೀಟರು, ಬೇಸಿಗೆಯಲ್ಲಿ ಐದು. ಕೈ ತೊಳೆಯಲು ಹೊಳೆ, ಕುಡಿಯಲು ಮನೆ. ಮಜ್ಜಿಗೆಯನ್ನು ಬಾಟಲಿಗೆ ಕಂಠದವರೆಗೆ ತುಂಬಿ ಬಿಸಿಲಿಗಿಡುವುದು ತಪ್ಪು, ಅದು ಹುಳಿ ಉಕ್ಕಿ ಮುಚ್ಚಳ ಹಾರಿಸುತ್ತದೆ. ಚಹಾಕ್ಕೆ ಥರ್ಮಾಸು. ಮನೆಯಲ್ಲಿ ಎರಡು ಕಪ್ಪು ಎಂದು ತುಂಬಿದ ಚಹಾ ಹೊಳೆಯ ದಂಡೆಯಲ್ಲಿ ಎಂಟು ಮಂದಿಗೆ ಹೇಗೆ ಬರುತ್ತದೆ ಎಂಬುದಕ್ಕೆ ಈ ಸೀಮೆಯ ಚಹಾದ ಬಟ್ಟಲಿನ ಗಾತ್ರವೇ ಉತ್ತರ. ಅದು ಕುಡಿಯುವುದಕ್ಕಲ್ಲ, ಕೊಡುವುದಕ್ಕೆ.

ದಂಡೆಯಲ್ಲಿ ಬುತ್ತಿಯನ್ನು ಎಲ್ಲಿಡಬೇಕು ಎಂಬುದು ಕಟ್ಟುವುದಕ್ಕಿಂತ ಕಠಿಣ. ನೆಲದ ಮೇಲಿಟ್ಟರೆ ಇರುವೆ, ಟೊಂಗೆಗೆ ಕಟ್ಟಿದರೆ ಕಾಗೆ. ಕುರಿಯವರ ಹಿಂದೆ ಬರುವ ಮುಧೋಳದ ನಾಯಿ ಇನ್ನೊಂದು ಬಗೆ. 2005ರಲ್ಲಿ ಅಂಚೆಚೀಟಿಯ ಮೇಲೆ ಏರಿದ ಈ ತಳಿಯ ಖ್ಯಾತಿ ಇರುವುದು ಕಣ್ಣಿನ ಚುರುಕು ಮತ್ತು ಓಟದಲ್ಲಿ. ಒಂದು ರೊಟ್ಟಿಯ ಅರಿವೆ ಎತ್ತಿಕೊಂಡು ಅದು ಕಬ್ಬಿನ ಗದ್ದೆಗೆ ನುಗ್ಗಿದರೆ ಹಿಂದೆ ಓಡುವುದು ವ್ಯರ್ಥ, ಅದು ಬೇಟೆಯ ನಾಯಿ, ಓಡುವವನು ಗುಮಾಸ್ತ. ಎಲ್ಲಕ್ಕಿಂತ ಮೋಸದ್ದು ಹೊಳೆಯೇ. ಇಲ್ಲಿ ಒಂದು ಹನಿ ಬೀಳದಿದ್ದರೂ ಸಹ್ಯಾದ್ರಿಯ ಮೇಲೆ ಮಳೆ ಜೋರಾಗಿ ಕೊಯ್ನಾದಿಂದ ನೀರು ಬಿಟ್ಟರೆ, ಬಿಸಿಲಲ್ಲೇ ಕೃಷ್ಣೆ ಸದ್ದಿಲ್ಲದೆ ಏರುತ್ತದೆ. 2019ರ ಆಗಸ್ಟಿನಲ್ಲಿ ಜಮಖಂಡಿ ಸೀಮೆಯ ಎಷ್ಟೋ ಊರುಗಳೇ ನೀರಲ್ಲಿ ನಿಂತಿದ್ದವು. ಅಂಥ ಹೊಳೆಗೆ ಒಂದು ಡಬ್ಬಿ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಬುತ್ತಿಯನ್ನು ಕುಳಿತ ಜಾಗಕ್ಕಿಂತ ಎರಡು ಆಳು ಮೇಲೆ ಇಡಬೇಕು, ಡಬ್ಬಿಯ ಬುಡ ಒದ್ದೆಯಾದರೆ ಗಾಳ ಸುತ್ತಬೇಕು. ಇನ್ನೊಂದು ಮಾತು ಮೊಸಳೆಯದು. ಈ ಹೊಳೆಯಲ್ಲಿ ಅದು ಉಂಟು, ನೆರೆ ಇಳಿದಾಗ ದಂಡೆಗೂ ಬರುತ್ತದೆ. ಕೆಟ್ಟ ಮೀನು, ಕರುಳು, ಉಳಿದ ಮಾಂಸವನ್ನು ಕುಳಿತಲ್ಲೇ ಎಸೆಯುವುದು ಅದಕ್ಕೆ ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ.

ಹೆಚ್ಚಿನ ಮೂರು ರೊಟ್ಟಿಗಳ ಲೆಕ್ಕ ಇತ್ಯರ್ಥವಾಗುವುದು ಹನ್ನೆರಡೂವರೆಗೆ. ಆ ಹೊತ್ತಿಗೆ ಬಲೆ ಒಣಗಿಸಲು, ಹರಿದದ್ದನ್ನು ಹೊಲಿಯಲು ಅಂಬಿಗರು ದಂಡೆಗೆ ಬಂದಿರುತ್ತಾರೆ. ಗಾಳದವನ ಬುಟ್ಟಿಯನ್ನು ಅವರು ನೋಡುವುದಿಲ್ಲ. ನೋಡಿದರೂ ನೋಡದ ಹಾಗೆ ಇರುವುದು ಹೊಳೆಯ ಮರ್ಯಾದೆ. ಹಿರಿಯನೊಬ್ಬ ದೂರದಿಂದಲೇ “ಏನ್ ಸಾಹೇಬ್ರ, ಇವತ್ತ ಏನ್ ಬುತ್ತಿ?” ಎಂದು ಕೇಳುತ್ತಾನೆ, ಮೀನು ಎಷ್ಟು ಎಂದು ಕೇಳುವುದಿಲ್ಲ. “ಬರ್ರಿ ಕಾಕಾ, ಬದನಿಕಾಯಿ ಎಣ್ಣಿಗಾಯಿ ಐತಿ, ಊಟ ಮಾಡೂಣು” ಎಂದರೆ ಅವನು ಬೇಡವೆಂದೇ ಬಂದು ಕೂರುತ್ತಾನೆ. ಸೊಂಟದ ಚೀಲದಿಂದ ಸುಟ್ಟ ಸಣ್ಣ ಮೀನು ನಾಲ್ಕು ಹೊರಬರುತ್ತವೆ, ಉಪ್ಪು-ಖಾರ ಮಾತ್ರ ಹಚ್ಚಿದ್ದು. ಬೆಳಗಿನಿಂದ ಕೂತ ಹವ್ಯಾಸಿಗೆ ಆ ದಿನದ ಮೀನು ಸಿಗುವುದು ಹೀಗೆ: ಮೂರು ರೊಟ್ಟಿಗೆ ನಾಲ್ಕು ಮೀನು. ಪೂರ್ಣಚಂದ್ರ ತೇಜಸ್ವಿಯಂಥವರು ಗಾಳದ ಹುಚ್ಚನ್ನು ಸಾಹಿತ್ಯಕ್ಕೂ ತಂದು ಅದಕ್ಕೊಂದು ಗೌರವ ಕೊಟ್ಟರು. ಹಿಪ್ಪರಗಿಯ ದಂಡೆಯ ಹವ್ಯಾಸಿ ಅಂಥ ಗೌರವವನ್ನು ರೊಟ್ಟಿ ಕೊಟ್ಟು ಕೊಳ್ಳಬೇಕಾಗುತ್ತದೆ.

ಊಟವಾದ ಮೇಲಿನ ಎರಡು ತಾಸು ಗಾಳ ತನ್ನಷ್ಟಕ್ಕೆ ತಾನು ಇರುತ್ತದೆ. ಟವೆಲು ಮುಖದ ಮೇಲೆ, ದಾರ ಕಾಲಿನ ಹೆಬ್ಬೆರಳಿಗೆ. ಈ ಹೊತ್ತಿನ ಬಗ್ಗೆ ಬರೆಯಲು ಹೆಚ್ಚೇನಿಲ್ಲ.

ಸಂಜೆ ಮರಳುವಾಗ ಡಬ್ಬಿ ಖಾಲಿಯಾಗಿರಬೇಕು. ಉಳಿಸಿ ತಂದರೆ ಅಡಿಗೆ ಸೇರಲಿಲ್ಲವೇ ಎಂಬ ಪ್ರಶ್ನೆ; ತೀರ ನೆಕ್ಕಿದಂತೆ ಖಾಲಿಯಾಗಿದ್ದರೆ ಕಡಿಮೆ ಬಿತ್ತೇನೋ ಎಂಬ ಕೊರಗು, ಮುಂದಿನ ಸಲ ಒಂಬತ್ತು ರೊಟ್ಟಿ. ಅರ್ಧ ವಡಿ ಉಳಿಸುವುದು ಅನುಭವಿಗಳ ರೀತಿ. ಅಪರೂಪಕ್ಕೆ ಮೀನು ಸಿಕ್ಕ ದಿನ ಬೇರೆಯೇ ತೊಡಕು ಏಳುತ್ತದೆ, ಅದನ್ನು ತರುವುದು ಯಾವುದರಲ್ಲಿ? ಬುಟ್ಟಿ ಒಯ್ದಿರುವುದಿಲ್ಲ, ಅಷ್ಟು ಧೈರ್ಯ ಯಾರಿಗೂ ಇರುವುದಿಲ್ಲ. ಆಗ ಮೊಸರು ಬುತ್ತಿಯ ಡಬ್ಬಿಯನ್ನೇ ತೊಳೆದು, ರೋಹುವನ್ನು ಬಾಲ ಮಡಚಿ ಒಳಗೆ ಕೂರಿಸಲಾಗುತ್ತದೆ. ಮನೆಯಲ್ಲಿ ಆ ಡಬ್ಬಿಯನ್ನು ಬೂದಿಯಿಂದ, ಹುಣಸೆಯಿಂದ, ನಿಂಬೆಯಿಂದ ತಿಕ್ಕಿ ತೊಳೆಯುತ್ತಾರೆ. ಆದರೆ ಅದಕ್ಕೆ ಮತ್ತೆ ಮೊಸರು ಬುತ್ತಿ ತುಂಬುವುದಿಲ್ಲ. ಅದು ಹಿತ್ತಲಿಗೆ ಹೋಗಿ, ಮುಂದಿನ ರವಿವಾರದಿಂದ ಎರೆಹುಳುವಿನ ಡಬ್ಬಿಯಾಗುತ್ತದೆ.